ಪ್ರವಾದಿಯ ಸಮಾಧಿಯೂ ಸಭೆಯ ಸ್ಮರಣೆಯೂ

ಅಟ್ಲಾಂಟಾ ನಗರದ ಆಬರ್ನ್ ಅವೆನ್ಯೂ ಬೀದಿಯಲ್ಲಿ, ಎಬೆನೇಜರ್ ಬ್ಯಾಪ್ಟಿಸ್ಟ್ ದೇವಾಲಯದ ಪಕ್ಕದಲ್ಲಿ, ಕೊಳವೊಂದರ ನಡುವೆ ಬಿಳಿಯ ಅಮೃತಶಿಲೆಯ ಸಮಾಧಿಯಿದೆ. ಅಲ್ಲಿ ರೆವರೆಂಡ್ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರೂ, 2006ರಲ್ಲಿ ನಿಧನರಾದ ಅವರ ಪತ್ನಿ ಕೊರೆಟಾ ಸ್ಕಾಟ್ ಕಿಂಗ್ ಅವರೂ ಜೊತೆಯಾಗಿ ವಿಶ್ರಮಿಸುತ್ತಿದ್ದಾರೆ. ಆದರೆ ಕಿಂಗ್ ಅವರನ್ನು ಮೊದಲು ಹೂಳಿದ್ದು ಇಲ್ಲಲ್ಲ.

1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಅವರ ಹತ್ಯೆಯಾಯಿತು. ಪೌರಕಾರ್ಮಿಕರ ಮುಷ್ಕರವನ್ನು ಬೆಂಬಲಿಸಲು ಅವರು ಅಲ್ಲಿಗೆ ಹೋಗಿದ್ದರು. ಏಪ್ರಿಲ್ 9ರಂದು ಎಬೆನೇಜರ್ ದೇವಾಲಯದಲ್ಲಿ ನಡೆದ ಆರಾಧನೆಯಲ್ಲಿ, ಅದೇ ವೇದಿಕೆಯಿಂದ ಎರಡು ತಿಂಗಳ ಹಿಂದೆ ಅವರು ಮಾಡಿದ್ದ ಪ್ರಸಂಗದ ಧ್ವನಿಮುದ್ರಣವನ್ನು ಕೇಳಿಸಲಾಯಿತು. ತನ್ನ ಅಂತ್ಯಕ್ರಿಯೆಯಲ್ಲಿ ನೊಬೆಲ್ ಬಹುಮಾನದ ಪ್ರಸ್ತಾಪ ಬೇಡ, ಹಸಿದವರಿಗೆ ಉಣಿಸಲು ಯತ್ನಿಸಿದೆನೆಂದು ಹೇಳಿದರೆ ಸಾಕು ಎಂಬುದು ಅದರ ಸಾರ. ಬಳಿಕ ಬಡವರ ಗುರುತಾಗಿ ಹೇಸರಗತ್ತೆಗಳು ಎಳೆದ ಸಾಮಾನ್ಯ ಬಂಡಿಯಲ್ಲಿ ಶವಪೆಟ್ಟಿಗೆ ಸಾಗಿತು.

ಅಂದು ದೇಹವನ್ನು ಸೌತ್ ವ್ಯೂ ಸ್ಮಶಾನದಲ್ಲಿ ಹೂಳಿದರು. ಸಾವಿನಲ್ಲಿಯೂ ಹಿಂಬಾಗಿಲಿನ ಅವಮಾನವನ್ನು ಅನುಭವಿಸಿದ್ದ ಕಪ್ಪು ಜನರು, ತಮ್ಮ ಮೃತರಿಗೆ ಗೌರವ ದೊರೆಯಲೆಂದು 1886ರಲ್ಲಿ ಸ್ಥಾಪಿಸಿದ ಭೂಮಿಯದು. 1970ರಲ್ಲಿ ಕಿಂಗ್ ಅವರ ಅವಶೇಷಗಳನ್ನು ಆಬರ್ನ್ ಅವೆನ್ಯೂಗೆ ತರಲಾಯಿತು. 1974ರಲ್ಲಿ ಎಬೆನೇಜರ್ ದೇವಾಲಯದಲ್ಲಿಯೇ ಆರ್ಗನ್ ನುಡಿಸುತ್ತಿದ್ದಾಗ ಗುಂಡಿಗೆ ಬಲಿಯಾದ ಅವರ ತಾಯಿಯೂ, 1984ರಲ್ಲಿ ತೀರಿಕೊಂಡ ತಂದೆಯೂ ಸೌತ್ ವ್ಯೂನಲ್ಲಿಯೇ ಉಳಿದರು. 1980ರಲ್ಲಿ ಆಬರ್ನ್ ಅವೆನ್ಯೂ ಪರಿಸರವು ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಘೋಷಿತವಾಯಿತು.

ಹೀಗೆ ತಿರಸ್ಕೃತರ ಭೂಮಿಯಿಂದ ರಾಷ್ಟ್ರದ ಸ್ಮಾರಕಕ್ಕೆ ಬಂದ ಈ ಸಮಾಧಿ ಜಯವನ್ನು ಸಾರುತ್ತದೆ. ಜೊತೆಗೆ ಅಪಾಯವನ್ನೂ ಸೂಚಿಸುತ್ತದೆ. ಪ್ರವಾದಿಗಳ ಗೋರಿಗಳನ್ನು ಕಟ್ಟಿ ಅಲಂಕರಿಸುವವರನ್ನು ಕರ್ತನು ಖಂಡಿಸಿದ್ದನ್ನು ಮತ್ತಾಯನು ದಾಖಲಿಸಿದ್ದಾನೆ (23:29). ಸತ್ತ ಪ್ರವಾದಿಯನ್ನು ಗೌರವಿಸುವುದು ಸುಲಭ, ಏಕೆಂದರೆ ಅವನು ಮರಳಿ ಪ್ರಶ್ನಿಸುವುದಿಲ್ಲ. ಸ್ಮಾರಕವು ಸಭೆಗೆ ಸಾಕ್ಷಿಯಾಗಬೇಕಾದರೆ ಅಮೃತಶಿಲೆಯೊಡನೆ ಹೇಸರಗತ್ತೆಯ ಬಂಡಿಯನ್ನೂ, ಆಬರ್ನ್ ಅವೆನ್ಯೂದೊಡನೆ ಸೌತ್ ವ್ಯೂವನ್ನೂ ನೆನೆಯಬೇಕು.

ಭಾರತದ ಕೆಲವು ಸಭೆಗಳಲ್ಲಿ ಜಾತಿಗೊಂದು ಸ್ಮಶಾನವೆಂಬ ರೂಢಿ ಇಂದಿಗೂ ಅಳಿದಿಲ್ಲ. ಒಂದೇ ಪುನರುತ್ಥಾನವನ್ನು ನಂಬುತ್ತೇವೆಂದು ಪ್ರತಿ ಭಾನುವಾರ ಅರಿಕೆಮಾಡುವ ನಾವು ಮೃತರ ನಡುವೆ ಗೋಡೆಯನ್ನು ಉಳಿಸಿಕೊಂಡರೆ, ಕಿಂಗ್ ಅವರ ಹೆಸರನ್ನು ನಮ್ಮ ಪ್ರಸಂಗಗಳಲ್ಲಿ ಉಚ್ಚರಿಸಿ ಫಲವೇನು? ಪ್ರವಾದಿಗೆ ತಕ್ಕ ಸ್ಮಾರಕವು ಆ ಗೋಡೆ ಬೀಳುವಲ್ಲಿಯೇ ಆರಂಭವಾಗುತ್ತದೆ.