ಹಾಳಾಗಿದ್ದು ಡ್ರೈವೋ, ಡಿಸ್ಕೋ?

ಹಳೇ ಕಂಪ್ಯೂಟರಿನ ಸೀಡಿ ಡ್ರೈವ್ ಕೈಕೊಡೋದನ್ನ ನೀವೂ ನೋಡಿರ್ತೀರ. ಟ್ರೇ ಒಳಗೆ ಹೋಗುತ್ತೆ, ಜುಯ್ಯ್ ಅಂತ ತಿರುಗುತ್ತೆ, ನಿಲ್ಲುತ್ತೆ, ಮತ್ತೆ ತಿರುಗುತ್ತೆ. ಆಮೇಲೆ ಡಿಸ್ಕ್ ಹಾಕಿ ಅನ್ನೋ ಸಂದೇಶ. ಹಾಕಿಯೇ ಇದೆಯಲ್ಲಪ್ಪಾ!

ಆಗ ಹುಟ್ಟೋ ಪ್ರಶ್ನೆ ಒಂದೇ. ಹಾಳಾಗಿದ್ದು ಡ್ರೈವೋ, ಡಿಸ್ಕೋ? ಇದಕ್ಕೆ ಉತ್ತರ ಸೀಡಿಯ ಇತಿಹಾಸದಲ್ಲೇ ಇದೆ ಅಂತ ನನ್ನ ಅನಿಸಿಕೆ. ಈ ಡ್ರೈವು ಒಂದೇ ಸಲಕ್ಕೆ ಹುಟ್ಟಿದ ಯಂತ್ರ ಅಲ್ಲ. ಹಾಡಿಗೆ ಅಂತ ಮಾಡಿದ್ದು ಮೊದಲು. ಕಂಪ್ಯೂಟರಿಗೆ, ಬರೆಯೋದಕ್ಕೆ, ಸಿನಿಮಾಗೆ ಅಂತ ಸೇರಿಸಿದ್ದೆಲ್ಲ ಆಮೇಲೆ. ಬೇರೆ ಬೇರೆ ಕಾಲದಲ್ಲಿ ಕೋಣೆ ಸೇರಿಸುತ್ತಾ ಕಟ್ಟಿದ ಮನೆ ಇದ್ದ ಹಾಗೆ. ಎಲ್ಲಿ ಸೋರುತ್ತಿದೆ ಅಂತ ತಿಳಿಯೋಕೆ ಯಾವ ಕೋಣೆ ಯಾವಾಗ ಬಂತು ಅಂತ ಗೊತ್ತಿರಬೇಕು.

1979ರ ಮಾರ್ಚಿನಲ್ಲಿ ನೆದರ್‌ಲ್ಯಾಂಡ್ಸಿನ ಐಂದೋವನ್‌ನಲ್ಲಿ ಫಿಲಿಪ್ಸ್ ತನ್ನ ಸೀಡಿ ಮಾದರಿಯನ್ನ ಪತ್ರಕರ್ತರಿಗೆ ತೋರಿಸಿತು. ನಂತರ ಸೋನಿ ಜೊತೆ ಸೇರಿ ಅಳತೆಗಳನ್ನೆಲ್ಲ ನಿಗದಿ ಮಾಡಿತು. 1982ರ ಅಕ್ಟೋಬರಿನಲ್ಲಿ ಸೋನಿಯ ಮೊದಲ ಪ್ಲೇಯರ್ ಜಪಾನಿನ ಅಂಗಡಿಗಳಿಗೆ ಬಂತು. ಡಿಸ್ಕಿನ ಒಳಗಿಂದ ಹೊರಕ್ಕೆ ಸುತ್ತುವ ಒಂದೇ ಗೆರೆ, ಬಿಚ್ಚಿ ಎಳೆದರೆ 5 ಕಿಲೋಮೀಟರಿಗೂ ಹೆಚ್ಚು ಉದ್ದ. ಪಕ್ಕಪಕ್ಕದ ಸುತ್ತುಗಳ ನಡುವೆ 1.6 ಮೈಕ್ರೋಮೀಟರ್ ಅಂತರ. ಇಷ್ಟು ಸಣ್ಣದಾದರೆ ಒಂದು ಧೂಳಿನ ಕಣವೂ ಹಾಡು ಕೆಡಿಸಬೇಕಲ್ಲ?

ಕೆಡಿಸಲ್ಲ. ಯಾಕಂದ್ರೆ 1960ರಲ್ಲೇ ಅಮೆರಿಕದ ಎಂಐಟಿಯ ಲಿಂಕನ್ ಲ್ಯಾಬೊರೇಟರಿಯ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ ತಪ್ಪು ತಿದ್ದೋ ಗಣಿತವೊಂದನ್ನ ಪ್ರಕಟಿಸಿದ್ದರು. ಸೀಡಿಯಲ್ಲಿ ಅದರ ಜೊತೆ ಇನ್ನೊಂದು ಉಪಾಯ ಸೇರಿತು: ಮಾಹಿತಿಯನ್ನ ಚೆದುರಿಸಿ ಬರೆಯೋದು. ಮದುವೆ ಊಟದ ಪಂಕ್ತಿಯಲ್ಲಿ ಒಂದೇ ಮನೆಯವರು ಒಟ್ಟಿಗೆ ಕೂರದೆ ಅಲ್ಲೊಬ್ಬರು ಇಲ್ಲೊಬ್ಬರು ಕೂತ ಹಾಗೆ. ಸಾಲಿನಲ್ಲಿ ನಾಲ್ಕು ಎಲೆಗೆ ಪಾಯಸ ತಪ್ಪಿದರೂ ಯಾವ ಮನೆಗೂ ಪೂರ್ತಿ ತಪ್ಪಲ್ಲ. ಈ ಉಪಾಯದಿಂದ ಗೆರೆಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಅಳಿಸಿಹೋದರೂ ಪ್ಲೇಯರ್ ಅದನ್ನ ಪೂರ್ತಿ ಕಟ್ಟಿಕೊಡಬಲ್ಲದು.

ಸೀಡಿಯನ್ನ ಒರೆಸುವಾಗ ವೃತ್ತಾಕಾರದಲ್ಲಿ ಅಲ್ಲ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಅನ್ನೋದೂ ಇದಕ್ಕೇ. ಅಡ್ಡ ಗೀರು ಒಂದೊಂದು ಸುತ್ತಿನಲ್ಲಿ ಚೂರು ಚೂರೇ ಕೆಡಿಸುತ್ತೆ. ಗೆರೆಯ ಗುಂಟ ಬಿದ್ದ ಗೀರು ಆ ಮಿತಿಯನ್ನೇ ದಾಟುತ್ತೆ. ಇನ್ನೊಂದು ವಿಷ್ಯ. ನಾವು ಹೊಳೆಯೋ ಬದಿಯನ್ನ ಜೋಪಾನ ಮಾಡಿ ಲೇಬಲ್ ಬದಿಯನ್ನ ಮೇಜಿಗೆ ಉಜ್ಜುತ್ತೀವಿ. ಹೊಳೆಯೋ ಬದಿಗೆ 1.2 ಮಿಲಿಮೀಟರ್ ಪ್ಲಾಸ್ಟಿಕ್ ಕಾವಲಿದೆ, ಲೇಬಲ್ ಬದಿಗೆ ಇರೋದು ತೆಳು ವಾರ್ನಿಶ್ ಮಾತ್ರ. ಅಲ್ಲಿ ಆಳವಾಗಿ ಗೀರು ಬಿದ್ರೆ ಕನ್ನಡಿ ಪದರವೇ ಕಿತ್ತು ಬಂತು ಅಂತ ಲೆಕ್ಕ.

ತಪ್ಪು ತಿದ್ದೋ ಈ ಜಾಣತನ ಒಂದು ಮೋಸವೂ ಹೌದು. ಡಿಸ್ಕ್ ದಿನೇ ದಿನೇ ಕೆಡುತ್ತಿದ್ದರೂ, ಲೆನ್ಸ್ ಮೇಲೆ ಧೂಳು ಕೂರುತ್ತಿದ್ದರೂ, ಲೇಸರ್ ಸೊರಗುತ್ತಿದ್ದರೂ ನಮಗೆ ಏನೂ ಕಾಣಿಸಲ್ಲ. ಎಲ್ಲವನ್ನೂ ಅದು ಮುಚ್ಚಿಡುತ್ತೆ. ಮುಚ್ಚಿಡೋಕೆ ಆಗದ ದಿನ ಒಮ್ಮೆಲೇ ಕುಸಿಯುತ್ತೆ. "ನಿನ್ನೆವರೆಗೂ ಸರಿ ಇತ್ತು" ಅಂತೀವಲ್ಲ, ಅದು ನಿನ್ನೆವರೆಗೂ ಸರಿ ಇದ್ದಿರಲಿಲ್ಲ!

1983ರಲ್ಲಿ ಸೀಡಿ-ರಾಮ್ ನಿಯಮಗಳು ಬಂದವು. ಹಾಡಿನಲ್ಲಿ ಒಂದು ಚೂರು ಓದೋಕೆ ಆಗದಿದ್ರೆ ಪ್ಲೇಯರ್ ಅಕ್ಕಪಕ್ಕ ನೋಡಿ ಅಂದಾಜಿನಲ್ಲಿ ತುಂಬಿಬಿಡುತ್ತೆ, ಕಿವಿಗೆ ಗೊತ್ತಾಗಲ್ಲ. ಪ್ರೋಗ್ರಾಮಿನಲ್ಲಿ ಅಂದಾಜು ನಡೆಯಲ್ಲ. ಹಾಗಾಗಿ ಪ್ರತಿ 2352 ಬೈಟಿನ ತುಂಡಿನಲ್ಲಿ 2048 ಮಾತ್ರ ನಮ್ಮ ಮಾಹಿತಿಗೆ ಬಿಟ್ಟು, ಉಳಿದಿದ್ದರಲ್ಲಿ ಹೆಚ್ಚಿನ ಪಾಲನ್ನ ಇನ್ನೊಂದು ಸುತ್ತು ತಿದ್ದುಪಡಿಗೆ ಇಟ್ಟರು. ಹಾಡಿನ ಸೀಡಿ ಚೆನ್ನಾಗಿ ಓಡುತ್ತೆ, ಫೈಲ್ ಕಾಪಿ ಆಗಲ್ಲ ಅಂದ್ರೆ ಆಶ್ಚರ್ಯ ಬೇಡ. ಡ್ರೈವು ಹಾಡಿನಲ್ಲಿ ತೇಪೆ ಹಾಕುತ್ತಿರಬಹುದು.

ಆಮೇಲೆ ಬಂದಿದ್ದು ವೇಗದ ಹುಚ್ಚು. ಮೊದಲ ಡ್ರೈವುಗಳು ಸೆಕೆಂಡಿಗೆ 150 ಕೆಬಿ ಓದುತ್ತಿದ್ದವು, ಡಿಸ್ಕ್ ನಿಮಿಷಕ್ಕೆ 200ರಿಂದ 500 ಸುತ್ತು. 52ಎಕ್ಸ್ ಹೊತ್ತಿಗೆ ಅದು 10,000 ಸುತ್ತಿನ ಆಸುಪಾಸು. ಬಿರುಕು ಬಿಟ್ಟ ಡಿಸ್ಕುಗಳು ಡ್ರೈವಿನೊಳಗೇ ಚೂರಾಗಿದ್ದೂ ಉಂಟು. ಓದೋಕೆ ಕಷ್ಟ ಆದಾಗ ಡ್ರೈವು ತಾನೇ ವೇಗ ಇಳಿಸಿ ಮತ್ತೆ ಪ್ರಯತ್ನಿಸುತ್ತೆ. ಆ ಜುಯ್ಯ್-ನಿಲ್ಲು-ಜುಯ್ಯ್ ಅದರ ಸದ್ದು.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಇನ್ನೊಂದು ಗಮ್ಮತ್ತು. ಡ್ರೈವಿನಿಂದ ಒಟ್ಟು ಆರು ಸಲ ದೋಷ ಬಂದ್ರೆ ಅದು ಡಿಎಂಎ ಅನ್ನೋ ವೇಗದ ದಾರಿ ಬಿಟ್ಟು ಪಿಐಒ ಅನ್ನೋ ನಿಧಾನದ ದಾರಿಗೆ ಇಳಿಯುತ್ತಿತ್ತು, ಆಮೇಲೆ ತಾನಾಗಿ ಮೇಲೇರುತ್ತಿರಲಿಲ್ಲ. ಕೆಟ್ಟ ಡಿಸ್ಕೋ, ಸಡಿಲ ಕೇಬಲ್ಲೋ ಕಾರಣವಾದ್ರೂ ಶಿಕ್ಷೆ ಡ್ರೈವಿಗೆ. ಡಿವೈಸ್ ಮ್ಯಾನೇಜರಿಗೆ ಹೋಗಿ ಆ ಐಡಿಇ ಚಾನೆಲ್ಲನ್ನ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿದ್ರೆ "ಸತ್ತ" ಡ್ರೈವು ಎದ್ದು ಕೂರೋದುಂಟು.

ಇನ್ನು ಬರೆಯೋ ಸೀಡಿ. 1988ರಲ್ಲಿ ಜಪಾನಿನ ತಾಯ್ಯೋ ಯೂಡೆನ್ ಕಂಪನಿ ಇದನ್ನ ಸಿದ್ಧಪಡಿಸಿತು. ಇಲ್ಲಿ ಗುಳಿಗಳ ಬದಲು ಬಣ್ಣದ ಪದರ. ಬರೆಯುವಾಗ ಲೇಸರ್ ಅದನ್ನ ಸುಟ್ಟು ಗುರುತು ಮಾಡುತ್ತೆ. ಬಣ್ಣ ಅಂದ್ಮೇಲೆ ಬಿಸಿಲು, ಸೆಕೆಗೆ ಮಾಸುತ್ತೆ. ಅಂಗಡಿಯ ಅಚ್ಚು ಸೀಡಿ ಓದೋ ಡ್ರೈವು ಮನೆಯಲ್ಲಿ ಬರೆದಿದ್ದನ್ನ ಓದದಿದ್ರೆ ಡಿಸ್ಕ್ ಮಾಸಿರಬಹುದು, ಇಲ್ಲಾ ಲೇಸರ್ ಸೊರಗಿರಬಹುದು.

ಡೀವಿಡಿ ಬಂದಿದ್ದು 1996ರಲ್ಲಿ. ಅದರ ಲೇಸರ್ 650 ನ್ಯಾನೋಮೀಟರಿನ ಕೆಂಪು, ಸೀಡಿಯದ್ದು 780ರ ಇನ್‌ಫ್ರಾರೆಡ್. ಬರೆದ ಸೀಡಿಯ ಬಣ್ಣ ಕೆಂಪು ಬೆಳಕನ್ನ ಸರಿಯಾಗಿ ವಾಪಸ್ ಕಳಿಸಲ್ಲ. ಅದಕ್ಕೇ ಡೀವಿಡಿ ಡ್ರೈವಿನೊಳಗೆ ಎರಡು ಲೇಸರ್ ಇಡಬೇಕಾಯ್ತು. ಒಂದು ಸತ್ತು ಇನ್ನೊಂದು ಬದುಕಿರಬಹುದು!

ನಮ್ಮ ದೊಡ್ಡಪ್ಪನ ಮನೆಯ ಹಳೇ ಕಂಪ್ಯೂಟರಿನಲ್ಲಿ ಆಗಿದ್ದು ಇದೇ. ಅಜ್ಜಿ ಹೇಳಿದ ಹಸೆ ಹಾಡುಗಳನ್ನ 2004ರಲ್ಲಿ ರೆಕಾರ್ಡ್ ಮಾಡಿ ಮೂರು ಸೀಡಿಗೆ ಹಾಕಿಸಿದ್ದರು. ಬೇರೆಲ್ಲೂ ಪ್ರತಿ ಇಲ್ಲ, ಅಜ್ಜಿಯೂ ಇಲ್ಲ. "ಸಿನಿಮಾ ಡೀವಿಡಿ ಓಡ್ತದೆ ಮಾರಾಯ, ಡ್ರೈವ್ ಸರಿ ಇದೆ. ಸೀಡಿನೇ ಹೋಗಿದ್ದು, ಬಿಸಾಕು ಅತ್ಲಾಗೆ" ಅಂದ್ರು. "ದೊಡ್ಡಪ್ಪ, ಇನ್ನೊಂದು ಡ್ರೈವಿಗೆ ಹಾಕಿ ನೋಡಣ ಇರಿ" ಅಂತ ಯುಎಸ್‌ಬಿ ಡ್ರೈವ್ ತರಿಸಿದೆ. ಮೂರರಲ್ಲಿ ಎರಡು ಪೂರ್ತಿ ಬಂದವು. ಮೂರನೆಯದರ ಅಂಚು ನಿಜಕ್ಕೂ ಮಾಸಿತ್ತು. ಸಿಗುವಷ್ಟನ್ನ ಮೊದಲು ಎತ್ತಿಕೊಂಡು ಕಷ್ಟದ ಜಾಗಕ್ಕೆ ಆಮೇಲೆ ಮರಳುವ ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ರಾತ್ರಿಯಿಡೀ ಓಡಿ, ಕೊನೆಯ ಎರಡು ಹಾಡು ಬಿಟ್ಟು ಉಳಿದಿದ್ದೆಲ್ಲ ಕೊಟ್ಟಿತು. ಆ ಎರಡು ಹೋದವು, ಅಷ್ಟೇ.

ಹಾಗಾಗಿ ನನ್ನ ಕ್ರಮ ಇದು: ಮೊದಲು ಬೇರೆ ಬೇರೆ ಬಗೆಯ ಡಿಸ್ಕ್ ಹಾಕಿ ನೋಡೋದು, ಆಮೇಲೆ ಕೇಬಲ್, ಆಮೇಲೆ ಡಿಎಂಎ, ಆಮೇಲೆ ಲೆನ್ಸಿನ ಧೂಳು, ಕೊನೆಗೆ ಬೇರೆ ಡ್ರೈವು. ಇಷ್ಟೂ ಆಗದೆ ಡಿಸ್ಕ್ ಕಸಕ್ಕೆ ಹಾಕೋ ಹಾಗಿಲ್ಲ. ಕರೆಂಟ್ ಇರುವಾಗ ಕವರ್ ಬಿಚ್ಚಿ ಇಣುಕಬೇಡಿ, 780ರ ಬೆಳಕು ಕಣ್ಣಿಗೆ ಸರಿಯಾಗಿ ಕಾಣಲ್ಲ, ಆದ್ರೆ ಕಣ್ಣು ಕೆಡಿಸುತ್ತೆ.

ಇಂಗ್ಲೆಂಡಿನ ಬಿಬಿಸಿ 1986ರಲ್ಲಿ ಡೂಮ್ಸ್‌ಡೇ ಪ್ರಾಜೆಕ್ಟ್ ಅಂತ ಇಡೀ ದೇಶದ ಚಿತ್ರಣವನ್ನ ಲೇಸರ್ ಡಿಸ್ಕಿಗೆ ಇಳಿಸಿತು. 1086ರ ಡೂಮ್ಸ್‌ಡೇ ಪುಸ್ತಕಕ್ಕೆ 900 ವರ್ಷ ಆದ ನೆನಪಿಗೆ. 2002ರ ಹೊತ್ತಿಗೆ ಅದನ್ನ ಓದೋ ಯಂತ್ರಗಳೇ ಅಪರೂಪವಾಗಿ, ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದವರು ಕಷ್ಟಪಟ್ಟು ಉಳಿಸಬೇಕಾಯ್ತು. ಚರ್ಮದ ಮೇಲೆ ಶಾಯಿಯಲ್ಲಿ ಬರೆದ ಹಳೇ ಪುಸ್ತಕವನ್ನ ಇವತ್ತಿಗೂ ಓದಬಹುದು.

ಈಗ ಹೊಸ ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ಇರೋದೇ ಅಪರೂಪ. ಸೋನಿ 2025ರ ಫೆಬ್ರವರಿಯಲ್ಲಿ ಬರೆಯೋ ಬ್ಲೂ-ರೇ ಡಿಸ್ಕಿನ ತಯಾರಿಕೆಯನ್ನೇ ನಿಲ್ಲಿಸಿತು. ನಿಮ್ಮ ಬೀರುವಿನಲ್ಲೂ ಮದುವೆಯದ್ದೋ, ಗೃಹಪ್ರವೇಶದ್ದೋ, ಬರಹ-ನುಡಿಯಲ್ಲಿ ಟೈಪಿಸಿದ ಹಳೇ ಕವಿತೆಗಳದ್ದೋ ಸೀಡಿ ಇರುತ್ತೆ. ಓದೋ ಡ್ರೈವು ಇನ್ನೂ ಸಿಗುವಾಗಲೇ, ಈ ಭಾನುವಾರವೇ, ಹೊರತೆಗೆದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಬಿಡಿ. ಒಂದಲ್ಲ, ಎರಡು ಪ್ರತಿ :-)