ಎರೆನೆಲದ ಹತ್ತಿ ಮತ್ತು ಕುಮಟೆಯ ಹಾಯಿಹಡಗು

ಕೃಷ್ಣಾ-ತುಂಗಭದ್ರೆಗಳ ನಡುವಣ ದೋಆಬಿನ ಮಧ್ಯದಲ್ಲಿರುವ ಮುದಗಲ್ಲನ್ನು ಇತಿಹಾಸಕಾರರು ಬಹುತೇಕ ಕೋಟೆಯಾಗಿಯೇ ಕಂಡಿದ್ದಾರೆ. ಬಹಮನಿ, ವಿಜಯನಗರ, ಆದಿಲ್‌ಶಾಹಿಗಳ ಕಾದಾಟದ ಕಥನದಲ್ಲಿ ಈ ನೆಲದ ಬೆಳೆಗೆ ದೊರೆತ ಸ್ಥಾನ ಅತ್ಯಲ್ಪ. ಕಡಲಂತೂ ಇಲ್ಲಿಂದ ಬಹು ದೂರ. ಆದರೂ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಎರೆನಾಡಿನ ರೈತನ ಭಾಗ್ಯವು ಹಾಯಿಹಡಗಿನ ಗಾಳಿಗೆ ಕಟ್ಟುಬಿದ್ದಿತ್ತು.

1799ರಲ್ಲಿ ಕೆನರಾ ಕರಾವಳಿಯೂ 1818ರ ಹೊತ್ತಿಗೆ ಧಾರವಾಡ ಸೀಮೆಯೂ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಮುದಗಲ್ ನಿಜಾಮನ ಆಳ್ವಿಕೆಯಲ್ಲೇ ಉಳಿಯಿತು. 1802ರ ವಾಣಿಜ್ಯ ಒಪ್ಪಂದವು ನಿಜಾಮನಿಗೆ ಪೂರ್ವತೀರದ ಮಚಲೀಪಟ್ಟಣದ ಬಂದರನ್ನು ಬಳಸುವ ಹಕ್ಕನ್ನು ಕೊಟ್ಟು, ಸರಕಿನ ಮೇಲೆ ಶೇಕಡಾ 5ರ ಸುಂಕವನ್ನು ಗೊತ್ತುಪಡಿಸಿತು. ಕಡಲಿಲ್ಲದ ರಾಜ್ಯಕ್ಕೆ ಕಾಗದದ ಮೇಲೆ ದೊರೆತ ಕಡಲು ಅದು. ಕನ್ನಡನಾಡಿನ ಹತ್ತಿಯ ಹೆದ್ದಾರಿಯಾದರೋ ಪಶ್ಚಿಮಕ್ಕೆ, ಹುಬ್ಬಳ್ಳಿಯಿಂದ ಘಟ್ಟವಿಳಿದು ಕುಮಟೆಗೆ ಸಾಗುತ್ತಿತ್ತು.

ಈ ವ್ಯಾಪಾರದ ತೊಡಕನ್ನು ಋತುಮಾನದಲ್ಲಿ ಹುಡುಕಬೇಕು. ಹಿಂಗಾರಿನ ಮುನ್ನ ಬಿತ್ತಿದ ಹತ್ತಿ ಬಿಡಿಸುವ ಹೊತ್ತಿಗೆ ಫೆಬ್ರುವರಿ, ಏಪ್ರಿಲ್ ಬರುತ್ತಿತ್ತು. ಬೀಜ ಬೇರ್ಪಡಿಸುವ ಕೆಲಸ ಹೆಣ್ಣುಮಕ್ಕಳದು. ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಕಡ್ಡಿಯನ್ನು ಕಾಲಿನಿಂದ ಉರುಳಿಸಿ ಅರಳೆ ತೆಗೆಯಬೇಕಿತ್ತು. ಬಳಿಕ ಅಂಡಿಗೆಗಳನ್ನು ಹೇರೆತ್ತುಗಳ ಮೇಲೆ, ರಸ್ತೆಯಾದ ಕಡೆ ಬಂಡಿಯಲ್ಲಿ, ಘಟ್ಟ ದಾಟಿಸಬೇಕು. ಜೂನ್ ಆರಂಭಕ್ಕೆ ಮುಂಗಾರು ಅಪ್ಪಳಿಸಿದರೆ ಕಡಲು ಮುಚ್ಚಿತು. ತಡವಾಗಿ ಬಂದ ಮಾಲು ಸೆಪ್ಟೆಂಬರಿನವರೆಗೆ ಕರಾವಳಿಯ ತೇವದಲ್ಲಿ ಬಿದ್ದಿರುತ್ತಿತ್ತು. ನಷ್ಟದ ಭಯವನ್ನು ವರ್ತಕನು ಮೊದಲೇ ಲೆಕ್ಕಹಾಕಿ ಬೆಲೆ ಇಳಿಸುತ್ತಿದ್ದನೆಂದು ಊಹಿಸುವುದು ತಪ್ಪಾಗಲಾರದು. ಕಡಲನ್ನೇ ಕಾಣದ ಒಕ್ಕಲಿಗನು ಕಡಲಿಗೆ ತೆತ್ತ ಕಂದಾಯವಿದು.

ಕುಮಟೆಯೂ ಸುರಕ್ಷಿತ ಬಂದರಲ್ಲ, ತೆರೆದ ತೀರ. ಸಣ್ಣ ದೋಣಿಗಳಲ್ಲಿ ಸರಕನ್ನೊಯ್ದು ಲಂಗರು ಹಾಕಿ ನಿಂತ ಪತ್ತೇಮಾರಿಗೆ ಏರಿಸಬೇಕಿತ್ತು. ಮುಂದಕ್ಕೆ ಬಾಗಿದ ಕೂವೆಮರಗಳಿಗೆ ಓರೆಹಾಯಿ ಕಟ್ಟಿದ ಈ ಹಡಗುಗಳು ದಡವನ್ನು ಕಣ್ಣಳತೆಯಲ್ಲಿಟ್ಟುಕೊಂಡು ಮುಂಬಯಿ ಸೇರುತ್ತಿದ್ದವು. ಅಲ್ಲಿ ಒತ್ತಿ ಬಿಗಿದ ಪಿಂಡಿಗಳು ದೊಡ್ಡ ಹಡಗುಗಳನ್ನೇರಿ ಕ್ಯಾಂಟನ್ನಿಗೂ ಲಿವರ್‌ಪೂಲಿಗೂ ಹೊರಡುತ್ತಿದ್ದವು. ಆ ಪೇಟೆಗಳಲ್ಲಿ ಅದರ ಹೆಸರು 'ಕುಮಟಾ' ಹತ್ತಿ. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ! ಬೆಳೆದ ಊರುಗಳ ಹೆಸರನ್ನು ಬಂದರಿನ ಹೆಸರು ನುಂಗಿಹಾಕಿತು. ಹೀಗಾಗಿ ಮುಂಬಯಿಯ ವ್ಯಾಪಾರಿ ದಾಖಲೆಗಳಲ್ಲಿ ಎರೆನಾಡನ್ನು ಅರಸುವ ಸಂಶೋಧಕರು ಕರಾವಳಿಯ ಹೆಸರಿನಡಿ ನೋಡಬೇಕಾಗುತ್ತದೆ.

1853ರಿಂದ 1860ರವರೆಗೆ ದೋಆಬು ಬ್ರಿಟಿಷರ ಆಡಳಿತದಲ್ಲಿದ್ದು ಮರಳಿ ನಿಜಾಮನಿಗೆ ಸೇರಿತು. 1871ರಲ್ಲಿ ಮುಂಬಯಿ, ಮದರಾಸುಗಳ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿದವು. 1880ರ ದಶಕದಲ್ಲಿ ಹುಬ್ಬಳ್ಳಿಗೂ ರೈಲು ಬಂದು, ಮುಂದೆ ಮರ್ಮಗೋವೆಗೆ ಸಾಗಿದ ಮೇಲೆ ಕುಮಟೆಯ ಹತ್ತಿವ್ಯಾಪಾರ ಕುಸಿಯಿತು. ಹೆಸರು ಮಾತ್ರ ಹೊಲದಲ್ಲಿ ಉಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಧಾರವಾಡದಲ್ಲಿ ರೂಪುಗೊಂಡ ಜಯವಂತ, ಜಯಧರ ತಳಿಗಳು ಆ 'ಕುಮಟಾ' ಹತ್ತಿಯ ಪರಂಪರೆಗೇ ಸೇರಿದವು.