ಹಿಡಿಸೂಡಿ ಹಿಡಿದ ಗುರು

ಕರಾಟೆ ಎಂದೊಡನೆ ಹಂಚು ಒಡೆಯುವ, ಹಲಗೆ ಮುರಿಯುವ ದೃಶ್ಯವೇ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಆ ವಿದ್ಯೆಯನ್ನು ಜಪಾನಿನ ರಾಜಧಾನಿಗೆ ಕೊಂಡೊಯ್ದವರಲ್ಲಿ ಪ್ರಮುಖರಾದ ಗಿಚಿನ್ ಫುನಾಕೋಶಿ (1868–1957) ಅವರ ಆತ್ಮಕಥನವನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಮನೆಯಂಗಳ.

ಫುನಾಕೋಶಿ ಒಕಿನಾವ ದ್ವೀಪದ ಶೂರಿ ಪಟ್ಟಣದವರು. ರ್‍ಯೂಕ್ಯೂ ಎಂಬ ಪ್ರತ್ಯೇಕ ರಾಜ್ಯವಾಗಿದ್ದ ಆ ನಾಡನ್ನು 1879ರಲ್ಲಿ ಜಪಾನು ತನ್ನದೊಂದು ಪ್ರಾಂತವಾಗಿ ಸೇರಿಸಿಕೊಂಡಿತು. ಅಲ್ಲಿನ ಭಾಷೆಯೂ ಬೇರೆ. ಕರಾಟೆಯನ್ನು ಆಗ ಗುಟ್ಟಾಗಿ ಕಲಿಸುತ್ತಿದ್ದರು. ಸಹಪಾಠಿಯ ತಂದೆ ಅಜಾತೊ ಅಂಕೊ ಅವರೇ ಫುನಾಕೋಶಿಯ ಗುರು. ಮುಂದೆ ಶಾಲಾ ಮಾಸ್ತರರಾದ ಮೇಲೂ ಅವರು ರಾತ್ರಿ ಹೊತ್ತು ಗುರುವಿನ ಮನೆಗೆ ನಡೆಯುತ್ತಿದ್ದರು. ಬೆಳದಿಂಗಳಿಲ್ಲದಿದ್ದರೆ ಕೈಯಲ್ಲೊಂದು ಲಾಂದ್ರ. ಈ ಮಾಸ್ತರರು ರಾತ್ರಿ ಎಲ್ಲಿಗೆ ಹೋಗುತ್ತಾರೆಂದು ನೆರೆಕರೆಯವರಿಗೆ ಸಂಶಯವೂ ಬಂತಂತೆ!

ಅಂಗಳದಲ್ಲಿ ಶಿಷ್ಯ, ಜಗಲಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತ ಗುರು. ‘ಕಾತಾ’ ಎಂದರೆ ಕ್ರಮಬದ್ಧ ವರಸೆ. ಒಂದೇ ಕಾತಾವನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾಡಬೇಕು. ಗುರುವಿನ ಬಾಯಿಂದ ಬರುವುದು ‘ಇನ್ನೊಮ್ಮೆ’ ಎಂಬ ಮಾತು. ಹೊಗಳಿಕೆ ಬಲು ಅಪರೂಪ. ಅವರಿಗೆ ತೃಪ್ತಿಯಾಗದೆ ಮುಂದಿನ ಪಾಠವಿಲ್ಲ. ನೋಡುವವರು ಯಾರೂ ಇಲ್ಲದ ಆ ಅಂಗಳದಲ್ಲಿ ಕಳ್ಳ ಬೀಳಲು ಅವಕಾಶವಿತ್ತೆ? ಇಂತಹ ಗುರು ತನ್ನ ಶಿಷ್ಯನನ್ನು ತನ್ನಲ್ಲೇ ಕಟ್ಟಿಹಾಕದೆ ಇತೊಸು ಮೊದಲಾದ ಇತರ ಗುರುಗಳಿಂದಲೂ ಕಲಿಯಲು ಪ್ರೋತ್ಸಾಹಿಸಿದರು. ಇದು ಎಲ್ಲ ವಿದ್ಯೆಗಳಲ್ಲೂ ಕಾಣಸಿಗುವ ಗುಣವಲ್ಲ.

1922ರಲ್ಲಿ ಶಿಕ್ಷಣ ಇಲಾಖೆಯ ಕ್ರೀಡಾ ಪ್ರದರ್ಶನಕ್ಕಾಗಿ ಟೋಕಿಯೋಗೆ ಬಂದ ಫುನಾಕೋಶಿ, ಜೂಡೋದ ಸ್ಥಾಪಕ ಜಿಗೊರೊ ಕಾನೊ ಅವರ ಆಹ್ವಾನದಂತೆ ಕೊಡೊಕಾನಿನಲ್ಲೂ ವಿದ್ಯೆಯನ್ನು ತೋರಿಸಿ, ಅಲ್ಲೇ ಉಳಿದರು. ಐವತ್ತು ದಾಟಿದ ವಯಸ್ಸು, ಕೈಯಲ್ಲಿ ಕಾಸಿಲ್ಲ. ಒಕಿನಾವದ ವಿದ್ಯಾರ್ಥಿಗಳ ವಸತಿಗೃಹದಲ್ಲಿ ಒಂದು ಪುಟ್ಟ ಕೋಣೆ ಸಿಕ್ಕಿತು. ಹಗಲು ಕಾವಲು, ತೋಟದ ಕೆಲಸ, ಕಸ ಗುಡಿಸುವುದು. ಅಡುಗೆಯವನಿಗೆ ಕರಾಟೆ ಕಲಿಸಿ ಊಟದ ಖರ್ಚಿನಲ್ಲಿ ರಿಯಾಯಿತಿ ಪಡೆದರು. ಒಮ್ಮೆ ಪತ್ರಕರ್ತನೊಬ್ಬ ಬಂದು, ಗುಡಿಸುತ್ತಿದ್ದ ಇವರಲ್ಲೇ ‘ಕರಾಟೆ ಗುರುಗಳು ಎಲ್ಲಿ?’ ಎಂದು ವಿಚಾರಿಸಿದ. ‘ಸ್ವಲ್ಪ ತಾಳಿ’ ಎಂದು ಒಳಗೆ ಓಡಿ, ಒಳ್ಳೆಯ ಕಿಮೋನೊ ತೊಟ್ಟು ಬಂದು, ‘ನಾನೇ ಫುನಾಕೋಶಿ’ ಎಂದರಂತೆ.

ಹಿಡಿಸೂಡಿ ಹಿಡಿದ ಈ ವಿನಯದಲ್ಲಿ ನನಗೆ ಸಂಶಯವಿಲ್ಲ. ಆದರೆ ಮುಂದಿನದ್ದನ್ನು ವಿನಯವೆನ್ನಲು ಮನಸ್ಸು ಹಿಂಜರಿಯುತ್ತದೆ. ಮುಖ್ಯಭೂಮಿಯವರಿಗೆ ಅರ್ಥವಾಗಲೆಂದು ಅವರು ಕಾತಾಗಳ ಹೆಸರುಗಳನ್ನೇ ಬದಲಿಸಿದರು. ‘ನೈಹಾಂಚಿ’ ‘ತೆಕ್ಕಿ’ಯಾಯಿತು, ‘ಕುಶಾಂಕು’ ‘ಕಾಂಕು’ ಆಯಿತು. ‘ಪಿನಾನ್’ ‘ಹೆಯಾನ್’ ಆಯಿತು. ಬರೆಯುವ ಅಕ್ಷರ ಅದೇ, ಓದುವ ರೀತಿ ಮಾತ್ರ ರಾಜಧಾನಿಯದು. ‘ಚೀನಾದ ಕೈ’ ಎಂಬರ್ಥದಲ್ಲಿ ಬರೆಯುತ್ತಿದ್ದ ‘ಕರಾಟೆ’ ಶಬ್ದವೂ ಅಕ್ಷರ ಬದಲಾಗಿ ‘ಬರಿಗೈ’ ಆಯಿತು. ಒಕಿನಾವದ ಶಾಲೆಗಳಲ್ಲಿ ತಾಯ್ನುಡಿಯಾಡಿದ ಮಕ್ಕಳ ಕೊರಳಿಗೆ ಮರದ ಹಲಗೆ ತೂಗಿಸುತ್ತಿದ್ದ ಕಾಲವದು. ಮಂಜೇಶ್ವರ ‘ಮಂಜೇಶ್ವರಂ’ ಆದುದನ್ನು ಕಂಡ ನಮಗೆ ಇದರ ಬೆಲೆ ಗೊತ್ತಿದೆ.

ಆದರೆ ಬದಲಿಸಿದವರು ಪರರಲ್ಲ, ಆ ನೆಲದ ಮಗನೇ. ಕಾಲ ಬದಲಾದಂತೆ ಈ ಹೆಸರುಗಳೂ ಮತ್ತೆ ಬದಲಾದಾವು, ಆಗಲಿ ಎಂದು ಅವರೇ ಬರೆದಿದ್ದಾರೆ. ಒಕಿನಾವದ ಶೋರಿನ್ ಪಂಥದವರ ಬಾಯಲ್ಲಿ ಮಾತ್ರ ಇಂದಿಗೂ ‘ಪಿನಾನ್’ ಎಂಬ ಹೆಸರೇ ಉಳಿದಿದೆ.